ಲಮೋಮಕ್ಕನ ಜೇನುಮೀನು

ಹಟಮಾರಿ ಹೆಂಗಸರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ನಾನೂ ಅಂಥವಳೇ. ಆದರೆ ನಮ್ಮ ಬಾನ್‌ಪೋಂಗ್ ಪೇಟೆಯಲ್ಲಿ ಲಮೋಮಕ್ಕನನ್ನು ಮೀರಿಸುವವಳು ಇನ್ನೂ ಹುಟ್ಟಿಲ್ಲ. ಅವಳ ಗಂಡ ಚಮ್ರತಣ್ಣನ ಕ್ಷೌರದಂಗಡಿಗೂ ನನ್ನ ಇಸ್ತ್ರಿ ಅಂಗಡಿಗೂ ನಡುವೆ ಇರುವುದು ಒಂದು ಹಲಗೆಯ ಗೋಡೆ. ಆ ಕಡೆ ಕತ್ತರಿ ಆಡಿದರೆ ಈ ಕಡೆ ಕೇಳಿಸುತ್ತದೆ. ಈ ಕಡೆ ನಾನು ಯಾರಿಗಾದರೂ ಬೈದರೆ ಆ ಕಡೆ ಗಿರಾಕಿಗಳು ನಗುತ್ತಾರೆ. ಇಪ್ಪತ್ತೆಂಟು ವರ್ಷ ಹೀಗೆ ಕಳೆದಿದ್ದೇವೆ. ಹಾಗಾಗಿ ಆ ಹಾಳು ಮೀನಿನ ವಿಷಯ ನನಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ.

ಲಮೋಮಕ್ಕ ಹುಟ್ಟಿದ್ದು ನೀರಿನ ದೊಡ್ಡ ಜಾಡಿಗಳನ್ನು ಮಾಡಿ ಸುಡುವವರ ಮನೆಯಲ್ಲಿ. ಬಲಗೈ ಮಣಿಕಟ್ಟಿನ ಮೇಲೆ ಗೂಡಿನ ಬೆಂಕಿ ತಾಗಿದ ಕಲೆ ಈಗಲೂ ಇದೆ. ಅವಳು ಕೊಟ್ಟ ಮಾತೂ ಆ ಕಲೆಯ ಹಾಗೆ, ಏನು ಮಾಡಿದರೂ ಹೋಗುವುದಿಲ್ಲ. ಮದುವೆ ಗೊತ್ತಾದ ವರ್ಷ ಚಮ್ರತಣ್ಣನಿಗೆ ಸೈನ್ಯದ ಚೀಟಿ ಎತ್ತುವ ಸರದಿ ಬಂತು. ಕೆಂಪು ಚೀಟಿ ಬಂದರೆ ಎರಡು ವರ್ಷ ಬಂದೂಕು ಹೊರಬೇಕು, ಕಪ್ಪು ಬಂದರೆ ಮನೆಗೆ ಹೋಗಬಹುದು. ಕಪ್ಪು ಬರಲಿ, ದೂರದ ಗುಡಿಯ ದೇವರಿಗೆ ಮನೆಯ ಕೋಳಿಯ ತೊಂಬತ್ತೊಂಬತ್ತು ಮೊಟ್ಟೆ ಬೇಯಿಸಿ ತಂದು ಒಪ್ಪಿಸುತ್ತೇನೆ ಎಂದು ಇವಳು ಹರಕೆ ಹೊತ್ತಳು. ಕಪ್ಪೇ ಬಂತು. ಇಬ್ಬರೂ ಬುಟ್ಟಿ ಹೊತ್ತು ಬಸ್ಸು ಹತ್ತಿದರು. ಮೂರು ಗಂಟೆ ಪ್ರಯಾಣ. ಗುಡಿಯಲ್ಲಿ ಎಣಿಸಿದರೆ ತೊಂಬತ್ತೇಳು.

ನಾನಾಗಿದ್ದರೆ ಪಕ್ಕದ ಅಂಗಡಿಯಲ್ಲಿ ಎರಡು ಕೊಂಡು ಇಟ್ಟು, ಕೈಮುಗಿದು ಬರುತ್ತಿದ್ದೆ. ಲಮೋಮಕ್ಕ ವಾಪಸ್ಸು ಬಸ್ಸು ಹತ್ತಿ ಊರಿಗೆ ಬಂದು, ಕೋಳಿಗೂಡಿನಿಂದ ಎರಡು ಮೊಟ್ಟೆ ತೆಗೆದು, ಬೇಯಿಸಿ, ಮತ್ತೆ ಬಸ್ಸು ಹತ್ತಿ ಹೋಗಿ ಇಟ್ಟು ಬಂದಳು. ಈ ಕಥೆಯನ್ನು ಚಮ್ರತಣ್ಣ ಕುರ್ಚಿಯಲ್ಲಿ ಕೂತ ಗಿರಾಕಿಗಳಿಗೆಲ್ಲ ಹೇಳುತ್ತಿದ್ದ. "ನನ್ನ ಹೆಂಡ್ತಿ ಎಲ್ಲದ್ರಲ್ಲೂ ಜಾಣೆ ಕಣ್ರೀ, ನೂರರ ತನಕ ಎಣಿಸೋಕೆ ಮಾತ್ರ ಬರಲ್ಲ." ನಲವತ್ತೊಂದು ವರ್ಷ ಈ ಮಾತಿಗೆ ಲಮೋಮಕ್ಕ ತಲೆ ತಗ್ಗಿಸಿದಳು, ಅದರಲ್ಲಿ ಇಪ್ಪತ್ತೆಂಟು ವರ್ಷ ನಾನೇ ಕಂಡಿದ್ದೇನೆ.

ಅಂಗಡಿಯೇ ಅವರ ಮನೆಯೂ. ಅಲ್ಲಿ ಕನ್ನಡಿಯ ಪಕ್ಕ ಚಮ್ರತಣ್ಣನ ಮೀನಿನ ತೊಟ್ಟಿ ಇತ್ತು. ಎರಡು ಮೊಳ ಉದ್ದದ ಗಾಜಿನ ತೊಟ್ಟಿ. ತಳದಲ್ಲಿ ಕಲ್ಲು, ನಾಲ್ಕು ಗಿಡ, ಒಂದಷ್ಟು ಕೆಂಪು ಬಾಲದ ಸಣ್ಣ ಮೀನುಗಳು. ಅವುಗಳ ನಡುವೆ ಆರು ಮುತ್ತಿನ ಮೀನು. ವೀಳ್ಯದೆಲೆಯಷ್ಟು ಅಗಲ, ತೆಳ್ಳಗಿನ ಮೈ, ಮೈತುಂಬ ಮುತ್ತು ಚೆಲ್ಲಿದಂಥ ಚುಕ್ಕಿ. ನಿಧಾನವಾಗಿ ತೇಲುವ, ಯಾರ ಗೊಡವೆಗೂ ಹೋಗದ ಮೀನು. ಗಿರಾಕಿಗಳು ಕ್ಷೌರ ಆದ ಮೇಲೂ ಎದ್ದು ಹೋಗದೆ ಅವನ್ನು ನೋಡುತ್ತ ಕೂರುತ್ತಿದ್ದರು.

ಜೂನ್‌ನ ಒಂದು ಭಾನುವಾರ ಚಮ್ರತಣ್ಣ ಥವಿನ್ ಎಂಬವನ ತಲೆ ಅರ್ಧ ಕತ್ತರಿಸಿ ಮುಗಿಸಿದ್ದ. ಥವಿನ್ ಊರಾಚೆ ಹೊಂಡಗಳಲ್ಲಿ ಸಾಕುಮೀನು ಬೆಳೆಸಿ ಮಾರುವವನು, ನಲವತ್ತರ ಆಸುಪಾಸಿನವನು. ಏನೋ ತಮಾಷೆ ಮಾಡುತ್ತಿದ್ದ ಚಮ್ರತಣ್ಣನ ಕೈಯಿಂದ ಕತ್ತರಿ ಬಿತ್ತು, ಆಮೇಲೆ ಅವನೇ ಬಿದ್ದ. ಲಕ್ವ. ಬಲಗೈ, ಬಲಗಾಲು, ಮಾತು ಮೂರೂ ಹೋದವು. ಮೂರು ದಿನ ಆಸ್ಪತ್ರೆಯಲ್ಲಿ ಕಣ್ಣೇ ತೆರೆಯಲಿಲ್ಲ. ಥವಿನ್ ಅರ್ಧ ತಲೆಗೆ ಟೋಪಿ ಹಾಕಿಕೊಂಡು ತಿರುಗಿದ, ಬೇರೆ ಕ್ಷೌರಿಕನ ಹತ್ತಿರ ಹೋಗಲಿಲ್ಲ.

ನಾಲ್ಕನೆಯ ದಿನ ಬುಧವಾರ. ಬುಧವಾರ ನಮ್ಮಲ್ಲಿ ಯಾರೂ ತಲೆಗೆ ಕತ್ತರಿ ಹಾಕಿಸುವುದಿಲ್ಲ, ಕ್ಷೌರದಂಗಡಿಗಳೆಲ್ಲ ಮುಚ್ಚಿರುತ್ತವೆ. ಅಂದು ಬೆಳಿಗ್ಗೆ ಲಮೋಮಕ್ಕ ಮೀನುಪೇಟೆಗೆ ಹೋಗಿ ಒಂದು ಜೇನುಮೀನು ಕೊಂಡಳು. ಗ್ರಹಚಾರ ಕಳೆಯಲಿ ಎಂದು, ಅಡುಗೆಗೆ ಹೋಗಲಿರುವ ಮೀನನ್ನು ಕೊಂಡು ನದಿಗೆ ಬಿಡುವುದು ನಾವೆಲ್ಲ ಮಾಡುವುದೇ. ಜೇನಿನ ಬಣ್ಣದ ಬೆರಳುದ್ದದ ಮೀನು, ಬಾಯಿ ಕೆಳಗಡೆ ಬಟ್ಟಲಿನ ಹಾಗೆ. ಕಲ್ಲಿಗೆ ಅಂಟಿಕೊಂಡು ಪಾಚಿ ಕೆರೆದು ತಿನ್ನುತ್ತದೆ. ಅದನ್ನು ಚೀಲದಲ್ಲಿ ಹಿಡಿದು ಅವಳು ನದಿಗೆ ಹೊರಟಿದ್ದಳು, ಫೋನು ಬಂತು. ಕೂಡಲೇ ಬನ್ನಿ ಎಂದಷ್ಟೇ ಹೇಳಿ ಆಸ್ಪತ್ರೆಯವರು ಇಟ್ಟುಬಿಟ್ಟರು. ನದಿಗೆ ಹೋಗಲು ಹೊತ್ತೆಲ್ಲಿ? ಓಡಿ ಬಂದು ಅಂಗಡಿಯ ತೊಟ್ಟಿಗೆ ಮೀನನ್ನು ಸುರಿದು ಕೈಮುಗಿದಳು. "ನಿನ್ನ ಜೀವ ಉಳಿಸಿದೀನಿ. ಈ ನೀರಲ್ಲಿ ನೀನಿರೋ ತನಕ ಈ ಮನೇಲಿ ಅವ್ರೂ ಇರ್ಲಿ." ಅಷ್ಟು ಹೇಳಿ ಬಸ್ಸು ಹಿಡಿದಳು.

ಅವಳು ಹೋಗುವಷ್ಟರಲ್ಲಿ ಚಮ್ರತಣ್ಣ ಕಣ್ಣು ಬಿಟ್ಟಿದ್ದ. ಕೂಡಲೇ ಬನ್ನಿ ಎಂದದ್ದು ಅದಕ್ಕೇ.

ಅಲ್ಲಿಗೆ ಲಮೋಮಕ್ಕನ ತಲೆಯಲ್ಲಿ ಮೀನಿಗೂ ಗಂಡನ ಜೀವಕ್ಕೂ ಗಂಟು ಬಿತ್ತು. ಮನೆಗೆ ಬಂದವಳು ಮೊದಲು ಮಾಡಿದ ಕೆಲಸ ಥವಿನ್‌ನನ್ನು ಕರೆಸಿ ಅವನ ಉಳಿದರ್ಧ ತಲೆ ಮುಗಿಸಿದ್ದು. ಗಂಡನ ಕೈ ನೋಡಿ ನೋಡಿಯೇ ಕಲಿತಿದ್ದಳು. ಅಂದಿನಿಂದ ಅಂಗಡಿ ಅವಳದೇ. ಎರಡನೆಯ ಕೆಲಸ, ನನ್ನನ್ನು ಕರೆದು ಹರಕೆಯ ಗುಟ್ಟು ಹೇಳಿದ್ದು. "ಅವ್ರಿಗೆ ಮಾತ್ರ ಹೇಳ್ಬೇಡ ಕಣೇ ಸಂಗ್ವಾನ್. ತಿಳಿದ್ರೆ ಹರಕೆ ಸತ್ತ ಹಾಗೆ." ನನ್ನ ಬಾಯಿ ಇಸ್ತ್ರಿಪೆಟ್ಟಿಗೆಗಿಂತ ಬಿಸಿ ಎಂದು ಊರಿಗೇ ಗೊತ್ತು, ಆದರೂ ನನಗೇ ಹೇಳಿದಳು.

ಮೊದಲ ನಾಲ್ಕೈದು ತಿಂಗಳು ಎಲ್ಲ ಚೆನ್ನಾಗಿಯೇ ಇತ್ತು. ಜೇನುಮೀನು ಗಾಜಿನ ಪಾಚಿಯನ್ನೆಲ್ಲ ತಿಂದು ತೊಟ್ಟಿಯನ್ನು ಫಳಫಳ ಮಾಡಿತ್ತು. ಮಾತು ಕಲಿಸಲು ಬರುತ್ತಿದ್ದ ಹುಡುಗಿ, ಇವರಿಗೆ ಇಷ್ಟವಾದುದನ್ನು ದಿನಾ ಎಣಿಸುವಂತೆ ಮಾಡಿ ಎಂದಿದ್ದಳು. ಚಮ್ರತಣ್ಣನ ಗಾಲಿಕುರ್ಚಿಯನ್ನು ತೊಟ್ಟಿಯ ಮುಂದೆ ನಿಲ್ಲಿಸಿ ಲಮೋಮಕ್ಕ ಒಂದೊಂದೇ ಮುತ್ತಿನ ಮೀನು ತೋರಿಸುವಳು. ಹಲಗೆಯ ಈಚೆ ನಾನು ಇಸ್ತ್ರಿ ನಿಲ್ಲಿಸಿ ಕೇಳಿಸಿಕೊಳ್ಳುವೆ. "ಒಂ...ದು" ಎನ್ನಲು ಒಂದು ತಿಂಗಳು ಹಿಡಿಯಿತು. ಅಕ್ಟೋಬರ್‌ನಲ್ಲಿ ಐದರ ತನಕ ಬಂದ. "ಆರು" ಎಂದ ದಿನ ನಾನು ಹಲಗೆಯ ಈ ಕಡೆ ನಿಂತು ಅತ್ತೆ, ಹೇಳಿಕೊಳ್ಳಲು ನಾಚಿಕೆ ಏನಿಲ್ಲ.

ಅದಾಗಿ ಒಂದು ವಾರಕ್ಕೆ ಒಂದು ಮುತ್ತಿನ ಮೀನು ಸತ್ತು ತೇಲಿತು. ಅದರ ಮಗ್ಗುಲಲ್ಲಿ ಉಗುರಗಲದ ಹಸಿ ಗಾಯ. ಥವಿನ್ ಬಂದು ಗಾಜಿಗೆ ಮೂಗು ಹಚ್ಚಿ ಬಹಳ ಹೊತ್ತು ನೋಡಿದ. ಅಷ್ಟರಲ್ಲಿ ನಮ್ಮ ಕಣ್ಣೆದುರೇ ಜೇನುಮೀನು ಕಲ್ಲು ಬಿಟ್ಟು ನೆಗೆದು, ಇನ್ನೊಂದು ಮುತ್ತಿನ ಮೀನಿನ ಮಗ್ಗುಲಿಗೆ ಬಾಯಿ ಅಂಟಿಸಿತು. ಆ ಬಡಪಾಯಿ ತೊಟ್ಟಿಯ ತುಂಬ ಓಡಾಡಿದರೂ ಬಿಡಲಿಲ್ಲ.

"ಮರಿಯಾಗಿದ್ದಾಗ ಪಾಚಿ ತಿನ್ನತ್ತೆ ದೊಡ್ಡಮ್ಮ, ಬೆಳೆದ ಮೇಲೆ ಅದಕ್ಕೆ ಪಾಚಿ ಸಪ್ಪೆ," ಎಂದ ಥವಿನ್. "ಅಗಲ ಮೈಯ ಮೆತ್ತಗಿನ ಮೀನು ಕಂಡ್ರೆ ಅಂಟ್ಕೊಂಡು ಮೈಮೇಲಿನ ಲೋಳೆ ಹೀರತ್ತೆ. ಲೋಳೆ ಹೋದ್ರೆ ಚರ್ಮ ಸುಲಿದ ಹಾಗೇನೇ, ಆ ಮೀನು ಉಳಿಯಲ್ಲ. ಇದನ್ನ ತೆಗೆದು ನಂಗೆ ಕೊಡಿ, ಹೊಂಡಕ್ಕೆ ಬಿಡ್ತೀನಿ."

"ತೆಗೆಯೋದು ಒಂದು ಬಿಟ್ಟು ಬೇರೆ ಏನಾದ್ರೂ ಹೇಳಪ್ಪ," ಎಂದಳು ಲಮೋಮಕ್ಕ.

ಥವಿನ್ ನನ್ನ ಮುಖ ನೋಡಿದ. ನಾನು ಫ್ಯಾನು ನೋಡಿದೆ.

ಅಂದಿನಿಂದ ನಮ್ಮ ಸರ್ಕಸ್ಸು ಶುರುವಾಯಿತು. ಹೊಟ್ಟೆ ತುಂಬಿದರೆ ಸುಮ್ಮನಿರುತ್ತದೆಂದು ಸೌತೆಕಾಯಿ ಬಿಲ್ಲೆಗೆ ಚಮಚ ಸಿಕ್ಕಿಸಿ ಮುಳುಗಿಸಿದೆವು. ನಾಲ್ಕು ದಿನ ಸೌತೆಕಾಯಿ ತಿಂದು, ಐದನೆಯ ದಿನ ಸೌತೆಕಾಯಿಯ ಮೇಲೆ ಮುತ್ತಿನ ಮೀನನ್ನೂ ತಿಂದಿತು. ಕಲ್ಲುಗಳ ಜಾಗ ಬದಲಿಸಿದರೆ ಅದರ ಜಂಬ ಇಳಿಯುತ್ತದೆಂದು ಥವಿನ್ ಹೇಳಿದ, ಬದಲಿಸಿದೆವು. ಒಂದು ದಿನವೂ ಇಳಿಯಲಿಲ್ಲ. ಪ್ಲಾಸ್ಟಿಕ್ ಹಾಳೆ ನಿಲ್ಲಿಸಿ ತೊಟ್ಟಿಯನ್ನು ಎರಡು ಪಾಲು ಮಾಡಿದೆವು, ಬೆಳಿಗ್ಗೆ ನೋಡಿದರೆ ಅದು ಹಾಳೆಯ ಮೇಲಿಂದ ನೆಗೆದು ಈಚೆ ಕೂತಿತ್ತು. ಕಡೆಗೆ ಲಮೋಮಕ್ಕ ತವರಿಂದ ಬಂದ ಜಾಡಿಗೆ ನೀರು ತುಂಬಿಸಿ ಉಳಿದ ಮುತ್ತಿನ ಮೀನುಗಳನ್ನು ಅದರೊಳಗೆ ಬಿಟ್ಟಳು. ಜಾಡಿಗೆ ಗಾಜುಂಟೇ? ಕುರ್ಚಿಯಲ್ಲಿ ಕೂತವನಿಗೆ ಒಳಗಿನದು ಹೇಗೆ ಕಾಣಬೇಕು? ಚಮ್ರತಣ್ಣ ಮುತ್ತಿನ ಮೀನಿಲ್ಲದ ತೊಟ್ಟಿಯಲ್ಲಿ ಎಣಿಸಲು ಹೋಗಿ "ಒಂ" ಎಂದು ನಿಂತ, ಆಮೇಲೆ ಎತ್ತಿನ ಹಾಗೆ ಕೂಗಿದ. ಮೂರು ಅಂಗಡಿ ಆಚೆಯವರು ಓಡಿಬಂದರು. ಮೀನುಗಳು ತೊಟ್ಟಿಗೆ ವಾಪಸ್ಸು ಬಂದವು.

ಡಿಸೆಂಬರ್‌ನಲ್ಲಿ ನಾಲ್ಕು ಉಳಿದವು. ಜನವರಿಯಲ್ಲಿ ಮೂರು. ಚಮ್ರತಣ್ಣ ತನ್ನ ಎಡಗೈ ಎತ್ತಿ ಜೇನುಮೀನನ್ನು ತೋರಿಸುವುದು, ಆಮೇಲೆ ಬಾಗಿಲನ್ನು ತೋರಿಸುವುದು. ದಿನಕ್ಕೆ ಹತ್ತು ಸಲ, ಇಪ್ಪತ್ತು ಸಲ. ಹಾಲು ಕುಡಿಯುವ ಕೂಸಿಗೂ ಅರ್ಥವಾಗುವ ಸನ್ನೆ. ಲಮೋಮಕ್ಕ ಮಾತ್ರ, "ಬಿಸಿಲು ಬರತ್ತಾ? ಬಾಗಿಲು ಹಾಕ್ತೀನಿ ಇರಿ," ಎಂದು ಬಾಗಿಲು ಹಾಕುವಳು. ಮತ್ತೆ ತೋರಿಸಿದರೆ ಕುರ್ಚಿಯನ್ನೇ ಗೋಡೆ ಕಡೆ ತಿರುಗಿಸುವಳು. ಮಾತು ಕಳಕೊಂಡ ಮನುಷ್ಯ ಕೈಯಲ್ಲಿ ಹೇಳಿದ್ದನ್ನೂ ಅರ್ಥವಾಗಲಿಲ್ಲ ಎನ್ನುವುದಕ್ಕಿಂತ ದೊಡ್ಡ ಅನ್ಯಾಯ ಇದೆಯೇ?

"ಅವ್ನು ಏನಂತಾನೆ ಅಂತ ನಿಂಗೆ ಗೊತ್ತು ಅಕ್ಕ," ಎಂದೆ ಒಂದು ದಿನ, ಹಿತ್ತಿಲಲ್ಲಿ ಅವಳು ಟವೆಲು ಹಿಂಡುತ್ತಿದ್ದಾಗ.

"ಗೊತ್ತು."

"ಮತ್ತೆ?"

"ಮೀನು ಹೋದ್ರೆ ಬೇರೆ ತರಬಹುದು ಸಂಗ್ವಾನ್. ಅವ್ರು ಹೋದ್ರೆ ಎಲ್ಲಿಂದ ತರ್ಲಿ?" ಅವಳ ಕಣ್ಣು ಕೆಂಪಾಗಿತ್ತು. "ಬೈಕೊಳ್ಲಿ, ನನ್ನ ಮುಖ ನೋಡದೇ ಇರ್ಲಿ, ಬದುಕಿರ್ಲಿ ಅಷ್ಟೆ."

ಫೆಬ್ರವರಿಯಲ್ಲಿ ಚಮ್ರತಣ್ಣ ಎಣಿಸುವುದನ್ನು ಬಿಟ್ಟ. ಆಮೇಲೆ ಊಟ ಬಿಟ್ಟ. ಲಮೋಮಕ್ಕ ಹಂದಿಮಾಂಸ ಹಾಕಿ ಗಂಜಿ ಕುದಿಸಿ ಚಮಚ ಬಾಯಿಗೆ ಹಿಡಿದರೆ ಹಲ್ಲು ಕಚ್ಚಿಕೊಂಡು ಕೂರುವನು. ನಾನು ಹಿಡಿದರೆ ಎರಡು ಚಮಚ, ಅದೂ ನನ್ನ ದಾಕ್ಷಿಣ್ಯಕ್ಕೆ. ಭುಜದ ಮೂಳೆ ಅಂಗಿಯೊಳಗಿಂದ ಎದ್ದು ಕಾಣತೊಡಗಿತು. ಡಾಕ್ಟರು ನೋಡಿ, ಬರುವ ಗುರುವಾರದೊಳಗೆ ತಿನ್ನದಿದ್ದರೆ ದಾಖಲು ಮಾಡಿ ಮೂಗಿಗೆ ನಳಿಗೆ ಹಾಕುತ್ತೇವೆ, ಈ ವಯಸ್ಸಿಗೆ ಆಮೇಲೆ ಏಳುವುದು ಕಷ್ಟ ಎಂದರು. ಕಾಪಾಡಬೇಕಾದ ಹರಕೆಯೇ ಅವನನ್ನು ದಿನಾ ಇಷ್ಟಿಷ್ಟು ಕೊಲ್ಲುತ್ತಿತ್ತು, ಅವಳೊಬ್ಬಳಿಗೆ ಅದು ಕಾಣುತ್ತಿರಲಿಲ್ಲ.

ಬುಧವಾರ ಬಂತು. ಅಂಗಡಿಗೆ ಬೀಗ ಹಾಕಿ ಲಮೋಮಕ್ಕ ಪೇಟೆಗೆ ಹೋದಳು. ನಾನು ಇಸ್ತ್ರಿಪೆಟ್ಟಿಗೆ ಆರಿಸಿ, ಥವಿನ್‌ನ ಹತ್ತಿರ ಕೇಳಿ ತಂದಿಟ್ಟುಕೊಂಡಿದ್ದ ಬಲೆ ಎತ್ತಿಕೊಂಡು ಹಿಂಬಾಗಿಲಿನಿಂದ ನುಗ್ಗಿದೆ. ಚಮ್ರತಣ್ಣ ಗೋಡೆಗೆ ಮುಖ ಮಾಡಿ ಕೂತಿದ್ದ. ಕುರ್ಚಿ ತಿರುಗಿಸಿದೆ. ನನ್ನ ಕೈಯಲ್ಲಿ ಬಲೆ ಕಂಡದ್ದೇ ಅವನ ಕಣ್ಣಿಗೆ ಜೀವ ಬಂತು.

ಜೇನುಮೀನು ಈಗ ಗೇಣುದ್ದ ಆಗಿತ್ತು. ಬಲೆ ಎಡಕ್ಕೆ ಹೋದರೆ ಅದು ಬಲಕ್ಕೆ, ಬಲೆ ಕೆಳಗೆ ಹೋದರೆ ಅದು ಗಾಜಿಗೆ ಅಂಟಿಕೊಂಡು ಮೇಲೆ. ನೀರು ಕದಡಿತು. ಉಳಿದ ಮುತ್ತಿನ ಮೀನುಗಳು ಮೂಲೆಗೆ ಒತ್ತಿಕೊಂಡು ಬಾಯಿ ತೆರೆದು ಮುಚ್ಚುತ್ತಿದ್ದವು. ಎಣಿಸಿದೆ, ಎರಡೇ. ಮೂರನೆಯದು ಗಿಡದ ಬುಡದಲ್ಲಿ ಮಗ್ಗುಲಾಗಿ ಬಿದ್ದಿತ್ತು. ಚಮ್ರತಣ್ಣ ಎಡಗೈಯಿಂದ ಕುರ್ಚಿಯ ಕೈ ಬಡಿಯುತ್ತಿದ್ದ, ಅಲ್ಲಿ, ಅಲ್ಲಿ ಎಂದು ತೋರಿಸುತ್ತಿದ್ದ. ನನ್ನ ತೋಳಿನ ತನಕ ನೀರು. ಕಡೆಗೆ ಕಲ್ಲಿನ ಸಂದಿಯಲ್ಲಿ ಅದನ್ನು ಒತ್ತಿ ಹಿಡಿದು ಬಲೆಗೆ ಹಾಕಿಕೊಂಡೆ. ಮೇಲೆ ಎತ್ತುವಷ್ಟರಲ್ಲಿ ಬೀಗದ ಸದ್ದಾಯಿತು.

ಲಮೋಮಕ್ಕ ಬಾಗಿಲಲ್ಲಿ ನಿಂತಿದ್ದಳು. ಕೈಚೀಲ ಕೆಳಗೆ ಬಿತ್ತು.

"ಒಳಗ್ ಬಿಡು," ಎಂದಳು. ದನಿ ಎತ್ತಲಿಲ್ಲ. ಅದೇ ನನಗೆ ಹೆದರಿಕೆ ತಂದದ್ದು.

"ಬಿಡಲ್ಲ."

"ಸಂಗ್ವಾನ್, ಒಳಗ್ ಬಿಡು ಅಂದೆ. ಅದು ನೀರಿಂದ ಹೊರಗಿದೆ ಕಣೇ." ಓಡಿ ಬಂದು ನನ್ನ ಕೈ ಹಿಡಿದಳು. ಅವಳು ನೋಡುತ್ತಿದ್ದುದು ಮೀನನ್ನಲ್ಲ, ಗಂಡನ ಎದೆಯನ್ನು. ಏರುತ್ತಿದೆಯೋ, ಇಳಿಯುತ್ತಿದೆಯೋ ಎಂದು.

ಅಷ್ಟು ದಿನ ಕಟ್ಟಿಟ್ಟುಕೊಂಡಿದ್ದ ನನ್ನ ಬಾಯಿ ಆಗ ಒಡೆಯಿತು. "ಅಣ್ಣ, ಕೇಳಿಸ್ಕೋ. ನಿನ್ ಹೆಂಡ್ತಿಗೆ ನಿನ್ ಮೇಲೆ ಹಗೆ ಇಲ್ಲ. ನೀನು ಕಣ್ಣು ಬಿಡದೆ ಮಲಗಿದ್ದಾಗ ನಿನ್ ಜೀವಾನ ಈ ದರಿದ್ರ ಮೀನಿಗೆ ಕಟ್ಟಿ ಹರಕೆ ಹೊತ್ತಿದಾಳೆ. ಇದು ಈ ನೀರಲ್ಲಿ ಇರೋ ತನಕ ನೀನು ಈ ಮನೇಲಿ ಇರ್ತೀಯಂತೆ. ಅದಕ್ಕೇ ನಿನ್ ಕೈಸನ್ನೆ ಅವ್ಳಿಗೆ ಅರ್ಥ ಆಗ್ತಿರ್ಲಿಲ್ಲ." ಆಮೇಲೆ ಅವಳ ಕಡೆ ತಿರುಗಿದೆ. "ನೀನೂ ಕೇಳು. ಗ್ರಹಚಾರದ ಮೀನನ್ನ, ಯಾರ ಗ್ರಹಚಾರವೋ ಅವ್ರ ಕೈಯಲ್ಲೇ ನದಿಗೆ ಬಿಡಿಸ್ಬೇಕು ಅಂತ ನಿಮ್ಮಮ್ಮ ಹೇಳಿಕೊಟ್ಟಿಲ್ವಾ? ನೀನು ಅರ್ಧ ಮಾಡಿ ನಿಲ್ಲಿಸಿದೀಯ. ಗ್ರಹಚಾರಾನ ಮನೇಲಿ ಇಟ್ಕೊಂಡು ಸೌತೆಕಾಯಿ ಹಾಕಿ ಸಾಕಿದೀಯ."

ಲಮೋಮಕ್ಕ ಗಂಡನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತಳು. ನಾನು ಮೀನನ್ನು ಬಕೆಟ್ಟಿನ ನೀರಿಗೆ ಹಾಕಿದೆ. ಚಮ್ರತಣ್ಣ ಹೆಂಡತಿಯನ್ನು ನೋಡುತ್ತಿದ್ದ, ಎಷ್ಟೋ ತಿಂಗಳಿನಿಂದ ನೋಡದೆ ಇದ್ದವನ ಹಾಗೆ. ಆಮೇಲೆ ಎಡಗೈ ಚಾಚಿ ಅವಳ ಮಣಿಕಟ್ಟಿನ ಸುಟ್ಟ ಕಲೆಯನ್ನು ಹಿಡಿದ. ಬಕೆಟ್ಟನ್ನು ತೋರಿಸಿದ. ಬಾಗಿಲನ್ನು ತೋರಿಸಿದ. ಕೊನೆಗೆ ತನ್ನ ಎದೆಯನ್ನೇ ಮುಟ್ಟಿ ತೋರಿಸಿದ. ನಾನೇ ಬಿಡುತ್ತೇನೆ ಎಂದು. ಈ ಸಲ ಅವಳಿಗೆ ಅರ್ಥವಾಗಲಿಲ್ಲ ಎನ್ನಲಾಗಲಿಲ್ಲ.

ಥವಿನ್ ತನ್ನ ಮೀನಿನ ಗಾಡಿ ತಂದ. ನಮ್ಮೂರ ಗುಡಿಯ ಹಿಂದಿನ ನದಿಕಟ್ಟೆಯ ತುದಿಯ ತನಕ ಗಾಲಿಕುರ್ಚಿ ತಳ್ಳಿಕೊಂಡು ಹೋಗಿ, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದ. ಲಮೋಮಕ್ಕ ಬಕೆಟ್ಟನ್ನು ಮೆಟ್ಟಿಲಿನ ಮೇಲೆ, ಗಂಡನ ಕೈಗೆ ಸಿಗುವಷ್ಟು ಹತ್ತಿರ ಹಿಡಿದಳು. ಅವನು ಒಂದೇ ಕೈಯಿಂದ ಬಗ್ಗಿಸಿದ. ನೀರೆಲ್ಲ ಹೋಯಿತು. ಮೀನು ಹೋಗಲಿಲ್ಲ. ಬಕೆಟ್ಟಿನ ಗೋಡೆಗೆ ಬಾಯಿ ಅಂಟಿಸಿಕೊಂಡು ಕೂತಿತ್ತು.

ಲಮೋಮಕ್ಕ ಬಕೆಟ್ಟಿನೊಳಗೆ ಇಣುಕಿದಳು. "ನೋಡಿ, ನೋಡಿ, ಹೋಗಲ್ಲ ಅಂತಿದೆ. ನಾನು ಮಾತು ಕೊಟ್ಟಿದೀನಿ ಅದಕ್ಕೆ." ಬಕೆಟ್ಟನ್ನು ಎದೆಗೆ ಎಳೆದುಕೊಂಡಳು. "ಮನೆಗೆ ಹೋಗೋಣ ನಡೀರಿ. ಮಾತು ಮುರಿದ್ರೆ ಏನಾಗತ್ತೋ, ನಂಗೆ ಭಯ ಆಗತ್ತೆ. ನಂಗೆ ನೀವು ಬೇಕು."

ಚಮ್ರತಣ್ಣ ಅವಳು ಹೆಗಲಿಗೆ ಹಾಕಿಕೊಂಡಿದ್ದ ಟವೆಲಿನ ತುದಿ ಹಿಡಿದು ಜಗ್ಗಿದ. ಬಾಯಿ ಓರೆಯಾಯಿತು, ಕುತ್ತಿಗೆಯ ನರ ಉಬ್ಬಿತು. ಏನೋ ಹೇಳಲು ಹೊರಟಿದ್ದ.

"ಮೊ...ಟ್ಟೆ," ಎಂದ.

ನಮಗೆ ತಿಳಿಯಲಿಲ್ಲ. ಹಸಿವೇ ಎಂದು ಥವಿನ್ ಕೇಳಿದ. ಚಮ್ರತಣ್ಣ ಅಲ್ಲವೆಂದು ತಲೆಯಾಡಿಸಿ ಎರಡು ಬೆರಳು ಎತ್ತಿದ.

"ಮೊಟ್ಟೆ. ಎರಡು. ಬಸ್ಸು." ಆಮೇಲೆ ಬೆರಳನ್ನು ತನ್ನ ಬಾಯಿಗೆ ಇಟ್ಟುಕೊಂಡ. "ನಾ...ನು. ತಿಂದೆ."

ನಲವತ್ತೊಂದು ವರ್ಷ. ಎಣಿಸಲು ಬಾರದವಳು ಎಂದು ಪೇಟೆಯೆಲ್ಲ ನಕ್ಕಿತ್ತು, ಅವಳೇ ಅದನ್ನು ನಂಬಿದ್ದಳು.

"ದೇವ್ರ ಮೊಟ್ಟೆ?" ಎಂದಳು ಲಮೋಮಕ್ಕ. "ಹರಕೆ ಮೊಟ್ಟೆ ತಿಂದ್ರಾ? ಒಪ್ಪಿಸೋಕೆ ಮುಂಚೆ?"

ಚಮ್ರತಣ್ಣನ ಮುಖದ ಚೆನ್ನಾಗಿದ್ದ ಅರ್ಧ ನಕ್ಕಿತು. ಎದೆ ತಟ್ಟಿಕೊಂಡ.

"ಬದುಕಿ...ದೀನಲ್ಲ," ಎಂದ.

ಅವಳ ಕೈಯ ಬಿಗಿ ಸಡಿಲವಾಯಿತು. ಅವನು ಬಕೆಟ್ಟಿನೊಳಗೆ ಎಡಗೈ ಹಾಕಿ, ಗೋಡೆಗೆ ಅಂಟಿದ್ದ ಮೀನಿನ ಬಾಯಿಯ ಅಂಚಿಗೆ ಹೆಬ್ಬೆರಳು ಕೊಟ್ಟು, ಗಿರಾಕಿಯ ಕಿವಿಯ ಹಿಂದಿನ ಕೂದಲು ತೆಗೆಯುವಷ್ಟು ನಾಜೂಕಾಗಿ ಬಿಡಿಸಿದ. ಮುಂದಕ್ಕೆ ಬಗ್ಗಲು ನೋಡಿದ, ಬಲಗಾಲು ಬಿಡಲಿಲ್ಲ. ಲಮೋಮಕ್ಕ ಅವನನ್ನು ಹಿಂದಿನಿಂದ ಅಪ್ಪಿ ಹಿಡಿದಳು. ಹಾಗೆ ಇಬ್ಬರೂ ಬಗ್ಗಿದರು. ಮೀನು ನದಿಯ ಕೆಸರು ನೀರಿನಲ್ಲಿ ಒಂದು ಸಲ ಹೊಳೆದು ಹೋಯಿತು.

ಗುರುವಾರ ಅವನು ಡಾಕ್ಟರ ಮುಂದೆಯೇ ನಾಲ್ಕು ಚಮಚ ಗಂಜಿ ತಿಂದ, ನಳಿಗೆ ತಪ್ಪಿತು. ಆದರೆ ಆ ವಾರವಿಡೀ ಲಮೋಮಕ್ಕ ಕತ್ತರಿ ನಡುವೆ ನಿಲ್ಲಿಸಿ ಅವನ ಎದೆ ನೋಡುವಳು. ಕಿವಿ ಹೋದೀತು ದೊಡ್ಡಮ್ಮ ಎಂದು ಗಿರಾಕಿಗಳು ಗೊಣಗುವರು.

ಮುಂದಿನ ಬುಧವಾರ ಬೆಳಿಗ್ಗೆ ಹಲಗೆಯ ಆಚೆ ಚಮ್ರತಣ್ಣ ಎಣಿಸುವುದು ಕೇಳಿಸಿತು. ಒಂದು, ಎರಡು. ಮತ್ತೆ ಒಂದು, ಎರಡು. ನಾನು ಇಣುಕಿದೆ. ತೊಟ್ಟಿಯಲ್ಲಿ ಎರಡು ಮುತ್ತಿನ ಮೀನು ತೇಲುತ್ತಿದ್ದವು, ಒಂದರ ಮಗ್ಗುಲಿನ ಗಾಯ ಮಾಯತೊಡಗಿತ್ತು. ಗಾಜಿನ ಮೇಲೆ ಆಗಲೇ ತೆಳ್ಳಗೆ ಪಾಚಿ ಕಟ್ಟಿತ್ತು, ಲಮೋಮಕ್ಕ ಬಟ್ಟೆ ಸುತ್ತಿದ ಕೋಲಿನಿಂದ ಅದನ್ನು ಒರೆಸುತ್ತಿದ್ದಳು. ಒರೆಸಿ ಮುಗಿಸಿ ಕೈ ತೊಳೆದು ಬಂದು, ಗಂಡನ ಮುಂದೆ ಒಂದು ತಟ್ಟೆ ಇಟ್ಟಳು. ಅದರಲ್ಲಿ ಸಿಪ್ಪೆ ಸುಲಿದ ಎರಡು ಬೇಯಿಸಿದ ಮೊಟ್ಟೆ.

"ತಿನ್ನಿ," ಎಂದಳು. "ಈ ಸಲ ನನ್ ಮುಂದೇನೇ ತಿನ್ನಿ."

ಅವನು ಎರಡನ್ನೂ ತಿಂದ. ಅವಳು ಎದುರಿಗೇ ಕೂತು, ಎಣಿಸಿದಳು.